ಗುಳ್ಳೆ ಹುಟ್ಟೋ ಸದ್ದು ಕೇಳಿ ಮಳೆ, ಗಾಳಿ, ಗ್ಯಾಸ್ ಲೀಕ್ ಅಳೆಯೋದು ಹೇಗೆ

ನಲ್ಲಿ ಸರಿಯಾಗಿ ತಿರುಗಿಸದೇ ಇದ್ರೆ ರಾತ್ರಿಯೆಲ್ಲಾ ಬಕೆಟ್ಟಿಗೆ ಟಪಕ್ ಟಪಕ್ ಅಂತ ಹನಿ ಬೀಳ್ತಾ ಇರತ್ತಲ್ಲ, ಆ ಸದ್ದು ಎಲ್ಲಿಂದ ಬರತ್ತೆ ಅಂತ ಯಾರನ್ನಾದ್ರೂ ಕೇಳಿ ನೋಡಿ, ಹನಿ ನೀರಿಗೆ ಬಡಿಯೋದ್ರಿಂದ ಅಂತಾನೇ ಹೇಳ್ತಾರೆ. ಹಾಗಲ್ಲ. ಬಡಿತದ ಸದ್ದು ಇರೋದೇನೋ ಹೌದು, ಆದ್ರೆ ಅದು ತೀರಾ ಚಿಕ್ಕದು, ಕಿವಿಗೆ ಬೀಳೋದೇ ಕಷ್ಟ. ಹನಿ ಬಿದ್ದ ಜಾಗದಲ್ಲಿ ನೀರು ಒಳಕ್ಕೆ ತಗ್ಗಿ ಒಂದು ಗುಳಿ ಆಗತ್ತೆ, ಆ ಗುಳಿ ಮತ್ತೆ ಮುಚ್ಚಿಕೊಳ್ಳೋ ಭರದಲ್ಲಿ ಅದರ ತಳದಲ್ಲಿ ಒಂದಿಷ್ಟು ಗಾಳಿ ಸಿಕ್ಕಿಹಾಕ್ಕೊಂಡು ಗುಳ್ಳೆ ಆಗಿ ಕಳಚಿಕೊಳ್ಳತ್ತೆ, ಕಳಚಿಕೊಂಡ ಕ್ಷಣಕ್ಕೇ ಆ ಗುಳ್ಳೆ ಹಿಗ್ಗಿ ಕುಗ್ಗಿ ಹಿಗ್ಗಿ ಕುಗ್ಗಿ ನಡುಗತ್ತೆ. ನಾವು ಕೇಳೋ ಟಪಕ್ ಅದೇ. 2018ರಲ್ಲಿ ಕೇಂಬ್ರಿಜ್ ಯೂನಿವರ್ಸಿಟಿಯ ಅನುರಾಗ್ ಅಗರ್ವಾಲ್ ಮತ್ತು ಅವರ ಜೊತೆಗಾರರು ಹೈಸ್ಪೀಡ್ ಕ್ಯಾಮೆರಾ, ಮೇಲೊಂದು ಮೈಕು, ನೀರೊಳಗೊಂದು ಹೈಡ್ರೋಫೋನ್ (ನೀರಲ್ಲಿ ಕೇಳೋ ಮೈಕು) ಇಟ್ಟು ಇದನ್ನ ಸರಿಯಾಗಿ ತೋರಿಸಿದ್ರು, ಗುಳ್ಳೆ ನಡುಗೋವಾಗ ಅದರ ಮೇಲಿರೋ ನೀರಿನ ಮೇಲ್ಮೈಯನ್ನೂ ನಡುಗಿಸತ್ತೆ, ಆ ಮೇಲ್ಮೈ ಗಾಳಿಗೆ ಸದ್ದನ್ನ ದಾಟಿಸತ್ತೆ ಅಂತ. ಮನೇಲೇ ನೋಡ್ಬೇಕಂದ್ರೆ ಬಕೆಟ್ಟಿಗೆ ಸ್ವಲ್ಪ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ. ನೀರಿನ ಮೇಲ್ಮೈಯ ಎಳೆತ ಕಮ್ಮಿಯಾಗಿ ಗುಳ್ಳೆ ಸಿಕ್ಕಿಹಾಕ್ಕೊಳ್ಳೋ ಆಟಾನೇ ಕೆಡತ್ತೆ, ಹನಿ ಅದೇ ಎತ್ತರದಿಂದ ಅದೇ ವೇಗದಲ್ಲಿ ಬೀಳ್ತಾ ಇರತ್ತೆ ಆದ್ರೆ ಸದ್ದು ನಿಂತುಹೋಗತ್ತೆ.

ಹೊಳೆಯ ಜುಳುಜುಳು, ಅಲೆ ಒಡೆಯೋ ಭೋರ್ಗರೆತ, ಬಾಟಲಿಯಿಂದ ನೀರು ಬಗ್ಗಿಸುವಾಗಿನ ಗುಳುಗುಳು, ಇದೆಲ್ಲದರಲ್ಲೂ ಹೆಚ್ಚಿನ ಪಾಲು ಗುಳ್ಳೆಗಳದ್ದೇ. (ಕೊಡ ತುಂಬ್ತಾ ಬಂದ ಹಾಗೆ ಸದ್ದು ಸಣ್ಣಗೆ ಏರ್ತಾ ಹೋಗೋದು ಮಾತ್ರ ಬೇರೆ ಕತೆ, ಅದು ನೀರಿನ ಮೇಲೆ ಉಳಿದ ಗಾಳಿಯ ಕಂಬ ಗಿಡ್ಡ ಆಗ್ತಾ ಹೋಗೋದ್ರಿಂದ. ಎರಡನ್ನೂ ಕಲಸಬೇಡಿ.) ಗಾಳಿ ಸಿಕ್ಕಿಹಾಕ್ಕೊಳ್ಳದೆ ನುಣ್ಣಗೆ ಹರಿಯೋ ನೀರು ಹೆಚ್ಚುಕಮ್ಮಿ ಮೂಕ.

ಸರಿ, ಗುಳ್ಳೆ ಸದ್ದು ಮಾಡತ್ತೆ, ಏನೀಗ? ವಿಷಯ ಇರೋದು ಇಲ್ಲಿ. ಆ ಸದ್ದಿನ ಶ್ರುತಿ ಕೇಳಿದ್ರೆ ಗುಳ್ಳೆಯ ಸೈಜು ಗೊತ್ತಾಗತ್ತೆ. ಸೈಜು ಗೊತ್ತಾದ್ರೆ ಒಳಗೆ ಎಷ್ಟು ಗ್ಯಾಸ್ ಇದೆ ಅಂತ ಗೊತ್ತಾಗತ್ತೆ. ಎಷ್ಟು ಗುಳ್ಳೆ ಹುಟ್ತಾ ಇದೆ ಅಂತ ಎಣಿಸಿದ್ರೆ ಸಮುದ್ರದ ತಳದಲ್ಲಿ ಎಷ್ಟು ಗ್ಯಾಸ್ ಸೋರ್ತಾ ಇದೆ, ಮೇಲೆ ಎಷ್ಟು ಮಳೆ ಬೀಳ್ತಾ ಇದೆ, ಎಷ್ಟು ಜೋರಾಗಿ ಗಾಳಿ ಬೀಸ್ತಾ ಇದೆ, ಎಲ್ಲಾ ಲೆಕ್ಕ ಹಾಕ್ಬಹುದು. ಅದೂ ನಾವು ಏನನ್ನೂ ಕಳಿಸದೆ, ಬರೀ ಕೇಳಿಸ್ಕೊಂಡು. ಸೋನಾರ್ ಆದ್ರೆ ತಾನೇ ಒಂದು ಪಿಂಗ್ ಕಳಿಸಿ ಅದರ ಪ್ರತಿಧ್ವನಿಗೆ ಕಾಯತ್ತೆ, ಅದಕ್ಕೆ ಪವರ್ ಬೇಕು, ಸುತ್ತಮುತ್ತ ಇರೋ ತಿಮಿಂಗಿಲ ಡಾಲ್ಫಿನ್‌ಗಳಿಗೂ ಕಿರಿಕಿರಿ. ಸುಮ್ಮನೆ ಕೇಳೋ ಹೈಡ್ರೋಫೋನಿಗೆ ಸಣ್ಣ ಬ್ಯಾಟರಿ ಸಾಕು, ತಿಂಗಳುಗಟ್ಟಲೆ ನೀರೊಳಗೆ ಬಿಟ್ಟು ಬರಬಹುದು. ಇದಕ್ಕೇ ಪ್ಯಾಸಿವ್ ಸೆನ್ಸಿಂಗ್ ಅನ್ನೋದು.

ಶ್ರುತಿಗೂ ಸೈಜಿಗೂ ಇರೋ ಸಂಬಂಧಾನ ಲೆಕ್ಕದಲ್ಲಿ ಬರೆದಿಟ್ಟವರು ಮಾರ್ಸೆಲ್ ಮಿನ್ನಾರ್ಟ್, ಬೆಲ್ಜಿಯಂನಲ್ಲಿ ಹುಟ್ಟಿ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಕೆಲಸ ಮಾಡಿದವರು, ಅಸಲು ಕಸುಬು ಸೂರ್ಯನ ಅಧ್ಯಯನ. 1933ರಲ್ಲಿ ಹರಿಯೋ ನೀರಿನ ಸದ್ದಿನ ಬಗ್ಗೆ ಒಂದು ಪೇಪರ್ ಬರೆದ್ರು, ಇವತ್ತಿಗೂ ಈ ಕ್ಷೇತ್ರದವರೆಲ್ಲಾ ಶುರು ಮಾಡೋದು ಅಲ್ಲಿಂದಲೇ. ಒಳಗಿನ ಐಡಿಯಾ ಸರಳ. ಸೈಕಲ್ ಪಂಪಿನ ತುದಿಯನ್ನ ಬೆರಳಲ್ಲಿ ಬಿಗಿಯಾಗಿ ಮುಚ್ಚಿ ಹ್ಯಾಂಡಲ್ ಒತ್ತಿ ಬಿಡಿ, ವಾಪಸ್ ಪುಟಿಯತ್ತೆ, ಯಾಕಂದ್ರೆ ಒಳಗಿನ ಗಾಳಿ ಸ್ಪ್ರಿಂಗ್ ಥರ ಕೆಲಸ ಮಾಡತ್ತೆ. ಗುಳ್ಳೆಯೊಳಗಿನ ಗಾಳೀನೂ ಹಾಗೇ ಸ್ಪ್ರಿಂಗು, ಆದ್ರೆ ಆ ಸ್ಪ್ರಿಂಗಿಗೆ ಕಟ್ಟಿರೋ ಭಾರ ಗುಳ್ಳೆಯದ್ದಲ್ಲ, ಸುತ್ತಲಿರೋ ನೀರಿನದ್ದು. ಗುಳ್ಳೆ ಹಿಗ್ಗಬೇಕಂದ್ರೆ ಸುತ್ತಲಿನ ನೀರನ್ನೆಲ್ಲಾ ತಳ್ಳಬೇಕು. ದೊಡ್ಡ ಗುಳ್ಳೆ ಆದ್ರೆ ತಳ್ಳಬೇಕಾದ ನೀರು ಜಾಸ್ತಿ, ಹಾಗಾಗಿ ನಿಧಾನ, ಮಂದ್ರ. ಚಿಕ್ಕ ಗುಳ್ಳೆ ಚುರುಕು, ತಾರ.

ನಂಬರಲ್ಲಿ ಹೇಳೋದಾದ್ರೆ, ನೀರಿನ ಮೇಲ್ಮೈ ಹತ್ರ ಇರೋ 1 ಮಿಲಿಮೀಟರ್ ತ್ರಿಜ್ಯದ ಗಾಳಿಗುಳ್ಳೆ ಸುಮಾರು 3.3 ಕಿಲೋಹರ್ಟ್ಸಲ್ಲಿ, ಅಂದ್ರೆ ಸೆಕೆಂಡಿಗೆ 3300 ಸಲ ನಡುಗಿ, ನುಡಿಯತ್ತೆ. ತ್ರಿಜ್ಯ ಹತ್ತು ಪಟ್ಟಾದ್ರೆ, ಅಂದ್ರೆ 1 ಸೆಂಟಿಮೀಟರ್ ಆದ್ರೆ, ಫ್ರೀಕ್ವೆನ್ಸಿ ಹತ್ತನೇ ಒಂದು ಭಾಗಕ್ಕೆ ಇಳಿಯತ್ತೆ, 330 ಹರ್ಟ್ಸ್. ಇಷ್ಟು ನೆನಪಿಟ್ಕೊಂಡ್ರೆ ಮಿಕ್ಕಿದ್ದು ಬಾಯಿಲೆಕ್ಕ. ನನಗೆ ಇದರಲ್ಲಿ ಸೋಜಿಗ ಅನ್ಸೋದು ಇನ್ನೊಂದು, ನೀರಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಹಾಗಾದ್ರೆ 3.3 ಕಿಲೋಹರ್ಟ್ಸಿನ ಅಲೆಯ ಉದ್ದ ಹತ್ತಿರ ಹತ್ತಿರ 45 ಸೆಂಟಿಮೀಟರ್. ಸಾಸಿವೆ ಕಾಳಿಗಿಂತ ಒಂಚೂರು ದಪ್ಪ ಇರೋ ಗುಳ್ಳೆ ಮೊಳದುದ್ದದ ಅಲೆ ಎಬ್ಬಿಸ್ತಾ ಇದೆ, ಅಷ್ಟು ಚಿಕ್ಕ ತಂತಿಯಿಂದಾಗ್ಲಿ ಕೊಳವೆಯಿಂದಾಗ್ಲಿ ಇದು ಆಗೋ ಕೆಲಸ ಅಲ್ಲ.

ಆಳಕ್ಕೆ ಹೋದಾಗ ಒತ್ತಡ ಜಾಸ್ತಿ ಆಗತ್ತಲ್ಲ, ಒತ್ತಡ ಜಾಸ್ತಿ ಆದ್ರೆ ಒಳಗಿನ ಗಾಳಿ ಬಿಗಿಯಾಗಿ ಸ್ಪ್ರಿಂಗೂ ಬಿಗಿ ಆಗತ್ತೆ, ಶ್ರುತಿ ಏರತ್ತೆ. ಏರೋದು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಶ್ರುತಿ 1.4 ಪಟ್ಟು. 90 ಮೀಟರಲ್ಲಿ ಒತ್ತಡ ಹತ್ತು ಪಟ್ಟು, ಶ್ರುತಿ ಮೂರು ಚಿಲ್ಲರೆ ಪಟ್ಟು. ಹಾಗಾಗಿ ಗುಳ್ಳೆ ಎಷ್ಟು ಆಳದಲ್ಲಿದೆ ಅಂತ ಗೊತ್ತಿಲ್ಲದೆ ಸದ್ದು ಮಾತ್ರ ಇಟ್ಕೊಂಡು ಸೈಜು ಹೇಳೋಕೆ ಬರಲ್ಲ, ಸಮುದ್ರತಳದ ಲೀಕ್ ಆದ್ರೆ ಪುಣ್ಯಕ್ಕೆ ಆಳ ಮೊದಲೇ ಗೊತ್ತಿರತ್ತೆ. ಒಳಗಿರೋದು ಗಾಳಿಯೋ ಮೀಥೇನೋ ಕಾರ್ಬನ್ ಡೈಆಕ್ಸೈಡೋ ಅನ್ನೋದ್ರಿಂದ ಆಗೋ ವ್ಯತ್ಯಾಸ ಬರೀ ಮೂರು ನಾಲ್ಕು ಪರ್ಸೆಂಟ್, ಅದನ್ನ ತಲೆಗೆ ಹಚ್ಕೊಳ್ಳೋದು ಬೇಡ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡ್ಕೊಳ್ಳಿ. ಗುಳ್ಳೆ ಸದ್ದು ಮಾಡೋದು ಹುಟ್ಟೋವಾಗ ಮಾತ್ರ. ರಂಧ್ರದ ಬಾಯಲ್ಲಿ ಗುಳ್ಳೆ ಉಬ್ತಾ ಉಬ್ತಾ ಬಂದು ಕೊನೆಗೆ ಅದರ ಕುತ್ತಿಗೆ ಸಣ್ಣ ಆಗ್ತಾ ಆಗ್ತಾ ಕಡಿದು ಹೋಗತ್ತಲ್ಲ, ಆ ಕಡಿದ ಕುತ್ತಿಗೆಯ ಚೂಪು ತುದಿ ಪಟ್ಟಂತ ಒಳಕ್ಕೆ ಎಳ್ಕೊಳ್ಳತ್ತೆ, ಗುಳ್ಳೆ ಒಂದು ಸಲ ಹಿಂಡಿದ ಹಾಗೆ ಆಗತ್ತೆ, ಅಲ್ಲಿಂದ ನಡುಕ ಶುರು. 2008ರಲ್ಲಿ ಗ್ರಾಂಟ್ ಡೀನ್ ಮತ್ತು ಹೆಲೆನ್ ಚೆರ್ಸ್ಕಿ ಈ ಕುತ್ತಿಗೆಯ ಕತೆಯನ್ನ ವಿವರವಾಗಿ ಬಿಡಿಸಿಟ್ರು. ಒಂದು ಮಿಲಿಮೀಟರ್ ಸೈಜಿನ ಗುಳ್ಳೆ ಆದ್ರೆ ಕೆಲವೇ ಮಿಲಿಸೆಕೆಂಡಲ್ಲಿ ನಡುಕ ಅಡಗಿಹೋಗತ್ತೆ, ಒಂದು ಪಾಲು ಶಕ್ತಿ ಸದ್ದಾಗಿ ಹೋದ್ರೆ ಮಿಕ್ಕಿದ್ದು ಶಾಖವಾಗಿ ಹೋಗತ್ತೆ, ಪಾಲು ಸೈಜಿನ ಮೇಲೆ ಆಚೀಚೆ ಆಗತ್ತೆ. ಆಮೇಲೆ ಆ ಗುಳ್ಳೆ ನೂರು ಮೀಟರ್ ಮೇಲಕ್ಕೆ ಏರ್ತಾ ಹೋದ್ರೂ ತುಟಿಪಿಟಿಕ್ ಅನ್ನಲ್ಲ, ಇನ್ನೊಂದು ಗುಳ್ಳೆಗೆ ಅಂಟಿಕೊಂಡ್ರೋ ಒಡೆದು ಎರಡಾದ್ರೋ ಮಾತ್ರ ಮತ್ತೆ ಸದ್ದು. ಅಳೆಯೋರಿಗೆ ಇದೊಂದು ದೊಡ್ಡ ಅನುಕೂಲ, ಯಾಕಂದ್ರೆ ಒಂದು ಗುಳ್ಳೆಗೆ ಒಂದೇ ಎಂಟ್ರಿ. ನೀರಲ್ಲಿ ತೇಲ್ತಾ ಇರೋ ಹಳೇ ಗುಳ್ಳೆಗಳು ಲೆಕ್ಕದೊಳಗೆ ಬಂದು ಗೊಂದಲ ಮಾಡಲ್ಲ.

ಈಗ ಒಂದು ಲೀಕನ್ನ ಲೆಕ್ಕ ಮಾಡೋಣ. 10 ಮೀಟರ್ ಆಳದಲ್ಲಿ ಸಮುದ್ರದ ತಳದಿಂದ ಗುಳ್ಳೆಗಳು ಬರ್ತಾ ಇವೆ, ಪಕ್ಕದಲ್ಲಿಟ್ಟ ಹೈಡ್ರೋಫೋನಲ್ಲಿ ಸುಮಾರು 1.5 ಕಿಲೋಹರ್ಟ್ಸಿನ ಸಣ್ಣ ಸಣ್ಣ ಟಿಂಗ್‌ಗಳು ಸೆಕೆಂಡಿಗೆ 10ರಂತೆ ಕೇಳ್ತಾ ಇವೆ ಅನ್ಕೊಳ್ಳಿ. ಆಳದ 1.4 ಪಟ್ಟನ್ನ ತೆಗೆದ್ರೆ ತ್ರಿಜ್ಯ 3 ಮಿಲಿಮೀಟರ್ ಅಂತ ಬರತ್ತೆ. ಅಂಥ ಒಂದು ಗುಳ್ಳೆಯ ಗಾತ್ರ 0.11 ಸಿಸಿ. ಸೆಕೆಂಡಿಗೆ 10 ಅಂದ್ರೆ 1.1 ಸಿಸಿ, ಗಂಟೆಗೆ ಸುಮಾರು 4 ಲೀಟರ್, ಅದೂ ಆ ಆಳದ ಒತ್ತಡದಲ್ಲಿ, ಮೇಲಿನ ಒತ್ತಡಕ್ಕೆ ತಂದ್ರೆ 8 ಲೀಟರ್. ಒಂದು ಹೈಡ್ರೋಫೋನ್, ಒಂದು ರೆಕಾರ್ಡರ್, ಇಷ್ಟರಲ್ಲೇ ಲೀಕಿನ ಲೆಕ್ಕ ಸಿಕ್ಕಿಬಿಡ್ತು. ಒಂದು ಎಚ್ಚರ ಏನಂದ್ರೆ ಗಾತ್ರ ಅನ್ನೋದು ತ್ರಿಜ್ಯದ ಘನ, ಹಾಗಾಗಿ ಶ್ರುತಿ ಓದೋದ್ರಲ್ಲಿ 10 ಪರ್ಸೆಂಟ್ ತಪ್ಪಿದ್ರೆ ಗ್ಯಾಸ್ ಲೆಕ್ಕದಲ್ಲಿ 30 ಪರ್ಸೆಂಟ್ ಹತ್ರ ತಪ್ಪತ್ತೆ.

ಆದ್ರೆ ಇದು ನಡೆಯೋದು ಗುಳ್ಳೆಗಳು ಒಂದೊಂದಾಗಿ, ಬಿಡಿಬಿಡಿಯಾಗಿ ಕೇಳಿಸೋವರೆಗೆ. ಲೀಕ್ ಜೋರಾದ್ರೆ ಸೆಕೆಂಡಿಗೆ ನೂರಾರು ಗುಳ್ಳೆ, ಒಂದರ ಸದ್ದು ಅಡಗೋಕೆ ಮೊದಲೇ ಇನ್ನೊಂದರದ್ದು ಶುರು, ಎಲ್ಲಾ ಸೇರಿ ಬರೀ ಶೋ ಅನ್ನೋ ಗದ್ದಲ. ಎಣಿಸೋಕೆ ಆಗಲ್ಲ. ಆಗ ಏನ್ಮಾಡ್ಬೇಕು? ಸೌತಾಂಪ್ಟನ್ ಯೂನಿವರ್ಸಿಟಿಯ ಟಿಮ್ ಲೇಟನ್ ಮತ್ತು ಪಾಲ್ ವೈಟ್ 2012ರಲ್ಲಿ ಒಂದು ದಾರಿ ತೋರಿಸಿದ್ರು. ಒಟ್ಟು ಗದ್ದಲದ ಸ್ಪೆಕ್ಟ್ರಮ್ ತಗೊಳ್ಳಿ, ಅಂದ್ರೆ ಯಾವ ಯಾವ ಫ್ರೀಕ್ವೆನ್ಸೀಲಿ ಎಷ್ಟೆಷ್ಟು ಶಕ್ತಿ ಇದೆ ಅನ್ನೋ ಪಟ್ಟಿ. ಒಂದೊಂದು ಸೈಜಿನ ಒಂದು ಗುಳ್ಳೆ ಹುಟ್ಟಿದ್ರೆ ಎಷ್ಟು ಶಕ್ತಿ ಬರತ್ತೆ ಅಂತ ಗೊತ್ತಿದ್ರೆ, ಒಟ್ಟು ಶಕ್ತಿಯನ್ನ ಅದರಿಂದ ಭಾಗಿಸಿದ್ರೆ ಎಷ್ಟು ಗುಳ್ಳೆ ಹುಟ್ಟಿದ್ವು ಅಂತ ಬರತ್ತೆ.

ಸಿಕ್ಕಿಹಾಕ್ಕೊಳ್ಳೋದು ಆ "ಗೊತ್ತಿದ್ರೆ" ಅನ್ನೋದ್ರಲ್ಲಿ. ಗುಳ್ಳೆಯ ಶ್ರುತಿ ಸೈಜಿಗೆ ಕಟ್ಟುಬಿದ್ದಿದೆ, ಅದು ಸುಳ್ಳು ಹೇಳಲ್ಲ. ಸದ್ದಿನ ಜೋರು ಹಾಗಲ್ಲ. ಒಂದೇ ಸೈಜಿನ ಎರಡು ಗುಳ್ಳೆಗಳಲ್ಲಿ ಒಂದು ಮೆತ್ತಗೆ ಹುಟ್ಟಬಹುದು, ಇನ್ನೊಂದು ರಭಸದಿಂದ ಕಳಚ್ಕೋಬಹುದು, ರಂಧ್ರದ ಅಂಚು ಹೇಗಿದೆ, ಮಣ್ಣು ಕೆಸರೋ ಮರಳೋ, ಗ್ಯಾಸ್ ಎಷ್ಟು ವೇಗದಲ್ಲಿ ಬರ್ತಿದೆ, ಇದೆಲ್ಲದರ ಮೇಲೂ ನಿಂತಿದೆ ಅದು. ಹಾಗಾಗಿ ಗದ್ದಲ ಎಷ್ಟು ಜೋರಾಗಿದೆ ಅಂತ ನೋಡಿ ಗುಳ್ಳೆ ಎಣಿಸೋಕೆ ಹೋದ್ರೆ ಉತ್ತರ ಒಂದೇ ನಂಬರಾಗಿ ಬರಲ್ಲ, ಕಮ್ಮಿ ಅಂದ್ರೆ ಇಷ್ಟು ಜಾಸ್ತಿ ಅಂದ್ರೆ ಇಷ್ಟು ಅಂತ ಬರತ್ತೆ, ಆ ಎರಡರ ಮಧ್ಯೆ ಹಲವು ಪಟ್ಟು ಅಂತರ ಇರಬಹುದು. ಈ ಇಡೀ ವಿದ್ಯೆಯ ತಾಕತ್ತೂ ಇಲ್ಲೇ, ತಲೆನೋವೂ ಇಲ್ಲೇ. ಮುಂದೆ ಬರೋ ಮಳೆ, ಗಾಳಿ, ಹಿಮನದಿ ಕತೆಗಳಲ್ಲೂ ಇದನ್ನೇ ನೋಡ್ತೀರಿ, ಎಲ್ಲಿ ಶ್ರುತಿ ಮಾತ್ರ ಸಾಕೋ ಅಲ್ಲಿ ಕೆಲಸ ಸಲೀಸು, ಎಲ್ಲಿ ಜೋರನ್ನ ನಂಬಬೇಕೋ ಅಲ್ಲಿ ಅದಕ್ಕೊಂದು ಅಳತೆಪಟ್ಟಿ ಬೇರೆ ಕಡೆಯಿಂದ ತರಬೇಕು.

ಲೀಕ್ ಹುಡುಕೋದಕ್ಕೆ ಇಷ್ಟು ಯಾಕೆ ಒದ್ದಾಟ ಅಂದ್ರೆ, ಕಾರ್ಖಾನೆಗಳಿಂದ ಬರೋ ಕಾರ್ಬನ್ ಡೈಆಕ್ಸೈಡನ್ನ ಸಮುದ್ರತಳದ ಕೆಳಗಿನ ಕಲ್ಲಿನ ಪದರಗಳಿಗೆ ತುಂಬಿ ಮುಚ್ಚೋ ಕೆಲಸ ನಡೀತಾ ಇದೆ, ನಾರ್ವೆಯವರು ಉತ್ತರ ಸಮುದ್ರದ ಸ್ಲೀಪ್ನರ್‌ನಲ್ಲಿ 1996ರಿಂದಲೇ ತುಂಬ್ತಾ ಇದ್ದಾರೆ. ತುಂಬಿದ್ದು ಒಳಗೇ ಇದೆಯಾ ಅಂತ ವರ್ಷಗಟ್ಟಲೆ ಕಾವಲು ಕಾಯಬೇಕು. ಅದಕ್ಕೆ ಪರೀಕ್ಷೆ ಅಂತ 2012ರಲ್ಲಿ ಸ್ಕಾಟ್ಲೆಂಡಿನ ಓಬನ್ ಹತ್ರ ಆರ್ಡ್‌ಮಕ್ನಿಶ್ ಕೊಲ್ಲೀಲಿ ಸಮುದ್ರತಳದಿಂದ 11 ಮೀಟರ್ ಕೆಳಕ್ಕೆ ಕೊಳವೆ ಹಾಕಿ 37 ದಿನ ಬೇಕಂತಲೇ ಕಾರ್ಬನ್ ಡೈಆಕ್ಸೈಡ್ ಬಿಟ್ರು, ಒಟ್ಟು 4 ಟನ್ ಚಿಲ್ಲರೆ. ಹೈಡ್ರೋಫೋನಲ್ಲಿ ಕೇಳಿ ಲೆಕ್ಕ ಹಾಕಿದಾಗ ಚಂದದ ಒಂದು ವಿಷಯ ಕಂಡ್ತು, ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕ ಹಾಗೆ ಲೀಕೂ ಏರಿಳೀತಾ ಇತ್ತು. ಇಳಿತ ಬಂದಾಗ ಮೇಲಿನ ನೀರಿನ ಭಾರ ಕಮ್ಮಿ, ಗುಳ್ಳೆ ಜಾಸ್ತಿ. ಉಬ್ಬರ ಬಂದಾಗ ಗುಳ್ಳೆ ಕಮ್ಮಿ. ಮುಳುಗುಗಾರರು ದಿನಕ್ಕೊಂದು ಸಲ ಹೋಗಿ ಬಾಟಲಿ ಹಿಡಿದು ಗ್ಯಾಸ್ ಅಳೆದು ಬಂದ್ರೆ ಈ ಏರಿಳಿತ ಕೈಗೆ ಸಿಗ್ತಾನೇ ಇರ್ಲಿಲ್ಲ, ಅವರು ಹೋದ ಗಂಟೆ ಉಬ್ಬರವೋ ಇಳಿತವೋ ಅನ್ನೋದರ ಮೇಲೆ ಉತ್ತರ ಬದಲಾಗ್ತಿತ್ತು. 24 ಗಂಟೆ ಕೇಳ್ತಾ ಕೂತಿರೋ ಯಂತ್ರಕ್ಕೆ ಮಾತ್ರ ಸಾಧ್ಯ. 2019ರಲ್ಲಿ ಇದನ್ನೇ ಉತ್ತರ ಸಮುದ್ರದ ಗೋಲ್ಡನ್‌ಐ ಅನ್ನೋ ಜಾಗದಲ್ಲಿ 120 ಮೀಟರ್ ಆಳದಲ್ಲಿ ಮಾಡಿದ್ರು, ಅಲ್ಲಿ ಒತ್ತಡ 13 ಪಟ್ಟು, ಒಂದೊಂದು ಗುಳ್ಳೇನೂ ಮೇಲ್ಮೈಗಿಂತ ಮೂರೂವರೆ ಪಟ್ಟು ಏರಿದ ಶ್ರುತೀಲಿ.

ಮಳೆಗೆ ಬರೋಣ, ನನ್ನ ಪ್ರಕಾರ ಈ ವಿಷಯದಲ್ಲಿ ಅತೀ ರುಚಿಯಾದ ಭಾಗ ಇದೇ. ಭೂಮಿಯ ಮುಕ್ಕಾಲು ಪಾಲು ಹತ್ರ ಸಮುದ್ರ, ಅಲ್ಲಿ ಬೀಳೋ ಮಳೆ ಅಳೆಯೋರು ಯಾರು? ಹಡಗಿನ ಮೇಲೆ ಮಳೆಮಾಪಕ ಇಟ್ರೆ ಗಾಳಿಗೆ ಹನಿ ಪಕ್ಕಕ್ಕೆ ಹೋಗತ್ತೆ, ಅಲೆಯ ತುಂತುರು ಒಳಗೆ ಬರತ್ತೆ, ನಂಬೋ ಹಾಗಿಲ್ಲ. ಸ್ಯಾಟಲೈಟ್ ನೋಡತ್ತೆ ನಿಜ, ಆದ್ರೆ ಅದು ಸರಿಯಾಗಿ ನೋಡ್ತಿದೆಯಾ ಅಂತ ತಾಳೆ ಹಾಕೋಕೆ ಕೆಳಗಡೆ ಒಂದು ಅಳತೆ ಬೇಕಲ್ಲ. ನೀರೊಳಗಿಂದ ಕೇಳಿದ್ರೆ ಮಳೆ ಚೆನ್ನಾಗಿ ಕೇಳಿಸತ್ತೆ, ಅಷ್ಟೇ ಅಲ್ಲ, ಯಾವ ಥರದ ಮಳೆ ಅಂತಾನೂ ಗೊತ್ತಾಗತ್ತೆ.

1980ರ ದಶಕದಲ್ಲಿ ಸಂಶೋಧಕರಿಗೆ ಒಂದು ವಿಚಿತ್ರ ಕಾಣಿಸ್ತು, ಗಾಳಿ ಇಲ್ಲದೆ ಜಿಟಿಜಿಟಿ ಸಣ್ಣ ಮಳೆ ಬಂದಾಗ ನೀರೊಳಗೆ 14-15 ಕಿಲೋಹರ್ಟ್ಸ್ ಸುತ್ತ ಒಂದು ಎದ್ದು ಕಾಣೋ ಶಿಖರ. ಪ್ರಾಸ್ಪೆರೆಟ್ಟಿ, ಕ್ರಮ್, ಪಂಫ್ರಿ ಇವರೆಲ್ಲಾ ಕೂತು ಒಂದೊಂದೇ ಹನಿ ಬೀಳಿಸಿ ನೋಡಿ ಬಿಡಿಸಿದ ಒಗಟು ಹೀಗಿದೆ. ಸುಮಾರು 0.8ರಿಂದ 1.1 ಮಿಲಿಮೀಟರ್ ವ್ಯಾಸದ ಸಣ್ಣ ಹನಿ ನೀರಿಗೆ ನೆಟ್ಟಗೆ ಬಿದ್ರೆ ಅದು ಮಾಡೋ ಗುಳಿಯ ಆಕಾರ ಹೇಗಿರತ್ತೆ ಅಂದ್ರೆ ಪ್ರತಿ ಸಲಾನೂ ತಪ್ಪದೆ ತಳದಲ್ಲಿ ಒಂದು ಗುಳ್ಳೆ ಸಿಕ್ಕಿಹಾಕ್ಕೊಳ್ಳತ್ತೆ, ಆ ಗುಳ್ಳೆ ಕಾಲು ಮಿಲಿಮೀಟರ್ ತ್ರಿಜ್ಯದ ಆಸುಪಾಸಿನದ್ದು, ಮಿನ್ನಾರ್ಟ್ ಲೆಕ್ಕ ಹಾಕಿ ನೋಡಿ, ಹೆಚ್ಚುಕಮ್ಮಿ ಆ 14 ಕಿಲೋಹರ್ಟ್ಸೇ ಬರತ್ತೆ. ಅದಕ್ಕಿಂತ ದಪ್ಪ, 1.1ರಿಂದ 2.2 ಮಿಲಿಮೀಟರ್ ಹನಿಗಳು ಬಿದ್ರೆ ಗುಳ್ಳೇನೇ ಹುಟ್ಟಲ್ಲ, ಬರೀ ಬಡಿತದ ಸದ್ದು, ಹೆಚ್ಚುಕಮ್ಮಿ ಮೌನ. ಇನ್ನೂ ದಪ್ಪ ಹನಿಗಳು ನೀರನ್ನ ಎರಚಾಡಿ ಅಡ್ಡಾದಿಡ್ಡಿ ಸೈಜಿನ ದೊಡ್ಡ ಗುಳ್ಳೆ ಮಾಡ್ತವೆ, ಅವುಗಳ ಸದ್ದು 2 ಕಿಲೋಹರ್ಟ್ಸಿನಿಂದ ಶುರುವಾಗಿ ಮೇಲಿನವರೆಗೂ ಹರಡಿಕೊಳ್ಳತ್ತೆ. ಅಂದ್ರೆ 15 ಕಿಲೋಹರ್ಟ್ಸಲ್ಲಿ ಕೇಳಿದ್ರೆ ನೆಲ ನೆನೆಯದಂಥ ಜಿಟಿಜಿಟಿ ಮಳೇನೇ ಸೈಜಿಗೆ ಮೀರಿ ಗಲಾಟೆ ಮಾಡತ್ತೆ! ತಮಾಷೆ ಅನ್ಸತ್ತೆ ಆದ್ರೆ ಅಳೆಯೋರಿಗೆ ಇದು ವರ, ಶಿಖರ ಇದ್ರೆ ಸಣ್ಣ ಹನಿ, ಕೆಳಗಿನ ಫ್ರೀಕ್ವೆನ್ಸಿಗಳೂ ಎದ್ದಿದ್ರೆ ದಪ್ಪ ಹನಿಯ ಧಾರಾಕಾರ. ಗಾಳಿ ಬೀಸಿದ್ರೆ ಮಾತ್ರ ಸಣ್ಣ ಹನಿ ಓರೆಯಾಗಿ ಬೀಳತ್ತೆ, ಗುಳಿಯ ಆಕಾರ ಕೆಡತ್ತೆ, ಶಿಖರ ಮಂಕಾಗತ್ತೆ.

ಗಾಳಿಯದ್ದು ಇನ್ನೂ ಹಳೇ ಕತೆ. ಎರಡನೇ ಮಹಾಯುದ್ಧದಲ್ಲಿ ಸಬ್‌ಮರೀನ್ ಹಿಡಿಯೋಕೆ ಅಂತ ಸಮುದ್ರದ ಹಿನ್ನೆಲೆ ಗದ್ದಲ ಅಳೆದವರಿಗೆ ಗಾಳಿ ಜೋರಾದ ಹಾಗೆ ನೀರೊಳಗಿನ ಸದ್ದೂ ಏರತ್ತೆ ಅಂತ ಕಂಡಿತ್ತು, ಕ್ನುಡ್ಸೆನ್ ಮತ್ತು ಜೊತೆಗಾರರು 1948ರಲ್ಲಿ ಅದನ್ನ ಪ್ರಕಟಿಸಿದ್ರು. ಗಾಳಿ ತಾನೇ ಸದ್ದು ಮಾಡ್ತಿಲ್ಲ, ಗಾಳಿಗೆ ಅಲೆ ಒಡೆಯತ್ತೆ, ಬಿಳಿ ನೊರೆ ಬರತ್ತೆ, ನೊರೆ ಅಂದ್ರೆ ಲಕ್ಷಾಂತರ ಹೊಸ ಗುಳ್ಳೆ. ಇಲ್ಲಿ ಒಂದೊಂದೇ ಗುಳ್ಳೆ ಎಣಿಸೋ ಪ್ರಶ್ನೆಯೇ ಇಲ್ಲ, ಜೋರನ್ನೇ ನಂಬಬೇಕು, ಅದಕ್ಕೆ ಪಕ್ಕದಲ್ಲೇ ಲಂಗರು ಹಾಕಿ ತೇಲಿಬಿಟ್ಟ ಬಾಯ್‌ಗೆ ಗಾಳಿಮಾಪಕ ಕಟ್ಟಿ ಇಷ್ಟು ಗಾಳಿಗೆ ಇಷ್ಟು ಸದ್ದು ಅಂತ ಅಳತೆಪಟ್ಟಿ ಮಾಡ್ಕೊಂಡ್ರು. ಆ ಪಟ್ಟಿ ಚೆನ್ನಾಗೇ ಕೆಲಸ ಮಾಡತ್ತೆ, ಬಿರುಗಾಳಿ ಬರೋವರೆಗೆ. ಗಾಳಿ ತೀರಾ ಜೋರಾದ್ರೆ ಮೇಲ್ಮೈ ಕೆಳಗೆ ಹಳೇ ಗುಳ್ಳೆಗಳದ್ದೇ ಒಂದು ದಪ್ಪ ಪದರ ನಿಲ್ಲತ್ತೆ, ಮೇಲೆ ಹುಟ್ಟೋ ಹೊಸ ಗುಳ್ಳೆಗಳ ಸದ್ದಲ್ಲಿ ಮೇಲಿನ ಫ್ರೀಕ್ವೆನ್ಸಿಗಳನ್ನ ಈ ಪದರ ನುಂಗಿಹಾಕತ್ತೆ, ಹಾಗಾಗಿ ಗಾಳಿ ಏರ್ತಾ ಇದ್ರೂ 20 ಕಿಲೋಹರ್ಟ್ಸಲ್ಲಿ ಸದ್ದು ಇಳಿಯೋಕೆ ಶುರು ಆಗತ್ತೆ. ನಾನು ಮೊದ್ಲು ಹೇಳಿದ "ಹಳೇ ಗುಳ್ಳೆ ಗೊಂದಲ ಮಾಡಲ್ಲ" ಅನ್ನೋ ಮಾತು ಇಲ್ಲಿ ನಡೆಯಲ್ಲ, ಅವು ಸದ್ದು ಮಾಡಲ್ಲ ಹೌದು, ಆದ್ರೆ ಸದ್ದನ್ನ ತಿಂತವೆ.

ವಾಷಿಂಗ್ಟನ್ ಯೂನಿವರ್ಸಿಟಿಯ ಜೆಫ್ರಿ ನೈಸ್ಟುಯೆನ್ ಈ ಮಳೆ ಗಾಳಿ ಎರಡನ್ನೂ ಕೇಳೋಕೆ ಒಂದು ಪುಟ್ಟ ಯಂತ್ರ ಮಾಡಿದ್ರು, ಪಾಲ್ (PAL, ಪ್ಯಾಸಿವ್ ಅಕ್ವಾಟಿಕ್ ಲಿಸನರ್) ಅಂತ ಕರೀತಾರೆ. ಅದು ಕೆಲವು ನಿಮಿಷಕ್ಕೊಮ್ಮೆ ಎದ್ದು ಕೆಲವೇ ಸೆಕೆಂಡು ಕೇಳತ್ತೆ, ಸ್ಪೆಕ್ಟ್ರಮ್ಮಿನ ಆಕಾರ ನೋಡಿ ಇದು ಮಳೆನಾ, ಗಾಳಿನಾ, ಹತ್ರದಲ್ಲಿ ಹಡಗು ಹೋಗ್ತಿದೆಯಾ ಅಂತ ತಾನೇ ತೀರ್ಮಾನ ಮಾಡತ್ತೆ, ಮಳೆ ಅನ್ನಿಸಿದ್ರೆ ಬೇಗ ಬೇಗ ಎದ್ದು ಕೇಳತ್ತೆ. ಗಾಳಿಯ ಸ್ಪೆಕ್ಟ್ರಮ್ ಕೆಳಗಿನ ಫ್ರೀಕ್ವೆನ್ಸಿಯಿಂದ ಮೇಲಕ್ಕೆ ನೇರವಾಗಿ ಇಳಿಜಾರು, ಜಿಟಿಜಿಟಿ ಮಳೆಗೆ 15ರ ಹತ್ರ ಗುಡ್ಡ, ಜಡಿಮಳೆಗೆ ಎಲ್ಲಾ ಕಡೆ ಎತ್ತರ. ಜೋರು ಸಾಲದ ಕಡೆ ಆಕಾರ ಕೈಹಿಡಿಯತ್ತೆ ಅನ್ನೋದು ಇಲ್ಲಿನ ಜಾಣತನ.

ಇಲ್ಲೊಂದು ಪ್ರಶ್ನೆ ಬರತ್ತೆ, ಸಾವಿರ ಮೀಟರ್ ಆಳದಲ್ಲಿ ಇಟ್ರೆ ಮೇಲಿನ ಮಳೆಯ ಸದ್ದು ಕಮ್ಮಿ ಆಗಲ್ವಾ? ಒಂದೊಂದು ಹನಿಯ ಸದ್ದು ಕಮ್ಮಿ ಆಗತ್ತೆ ನಿಜ, ಆದ್ರೆ ಆಳಕ್ಕೆ ಹೋದಷ್ಟೂ ಕೇಳಿಸೋ ವಿಸ್ತೀರ್ಣ ದೊಡ್ಡದಾಗ್ತಾ ಹೋಗತ್ತೆ, ಅಷ್ಟು ಜಾಸ್ತಿ ಹನಿಗಳು ಸೇರ್ಕೊಳ್ತವೆ. ದೂರ ಎರಡು ಪಟ್ಟಾದ್ರೆ ಒಂದೊಂದರ ಸದ್ದು ನಾಲ್ಕನೇ ಒಂದು, ಹನಿಗಳು ನಾಲ್ಕು ಪಟ್ಟು, ಲೆಕ್ಕ ಚುಕ್ತಾ. ತೀರಾ ಮೇಲಿನ ಫ್ರೀಕ್ವೆನ್ಸಿಗಳನ್ನ ನೀರು ಸ್ವಲ್ಪ ಹೀರಿಕೊಳ್ಳತ್ತೆ, ಅದಕ್ಕೊಂದು ತಿದ್ದುಪಡಿ ಹಾಕಿದ್ರೆ ಆಯ್ತು. ಅಂಗೈ ಅಗಲದ ಮಳೆಮಾಪಕ ಒಂದು ಚುಕ್ಕೆಯ ಮಳೆ ಅಳೆದ್ರೆ ಇದು ಕಿಲೋಮೀಟರ್‌ಗಟ್ಟಲೆ ಅಗಲದ ಜಾಗದ ಸರಾಸರಿ ಕೊಡತ್ತೆ, ಸ್ಯಾಟಲೈಟಿನ ಅಳತೆಗೆ ತಾಳೆ ಹಾಕೋಕೆ ಬೇಕಾಗಿರೋದೂ ಅದೇ.

ನಮಗೆ ಹತ್ತಿರದ ವಿಷಯ ಏನಂದ್ರೆ ಈ ಪಾಲ್ ಯಂತ್ರವನ್ನ ಆರ್ಗೋ ಫ್ಲೋಟುಗಳಿಗೆ ಕಟ್ಟಿ ಬಂಗಾಳ ಕೊಲ್ಲೀಲಿ ಬಿಟ್ಟಿದ್ರು, ಸ್ಟೀಫನ್ ರೈಸರ್, ನೈಸ್ಟುಯೆನ್ ಮತ್ತು ಇನ್ನೊಬ್ಬರು ಸೇರಿ 2008ರಲ್ಲಿ ಮಾನ್ಸೂನಿನ ಮಳೆ ಗಾಳಿಯ ಲೆಕ್ಕ ಪ್ರಕಟಿಸಿದ್ರು. ಆರ್ಗೋ ಫ್ಲೋಟ್ ಸಾಮಾನ್ಯವಾಗಿ 1000 ಮೀಟರ್ ಆಳದಲ್ಲಿ ತೇಲ್ತಾ ಇದ್ದು ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಉಪ್ಪಿನಂಶ, ಉಷ್ಣತೆ ಅಳೆದು ಸ್ಯಾಟಲೈಟಿಗೆ ಕಳಿಸತ್ತೆ. ಮೇಲೆ ಬಂದಾಗ ನೀರಿನ ಉಪ್ಪು ಕಮ್ಮಿ ಆಗಿದ್ರೆ ಅದು ಮಳೆಯಿಂದಾನೋ ಗಂಗಾ ಬ್ರಹ್ಮಪುತ್ರದಿಂದ ಬಂದ ಸಿಹಿನೀರಿಂದಾನೋ ಹೇಳೋದು ಹೇಗೆ? ಕೆಳಗಿದ್ದಷ್ಟು ದಿನ ಮೇಲೆ ಎಷ್ಟು ಮಳೆ ಬಿತ್ತು ಅಂತ ಕೇಳಿಸ್ಕೊಂಡಿದ್ರೆ ಹೇಳಬಹುದು. ನಮ್ಮಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, ಎನ್‌ಐಓಟಿಯವರೂ ಸಮುದ್ರದ ಹಿನ್ನೆಲೆ ಸದ್ದು ರೆಕಾರ್ಡ್ ಮಾಡಿ ಗಾಳಿಯ ಜೊತೆ ತಾಳೆ ನೋಡೋ ಕೆಲಸ ಮಾಡ್ತಾ ಬಂದಿದ್ದಾರೆ, ಅರಬ್ಬಿ ಸಮುದ್ರದ ಆಳವಿಲ್ಲದ ನೀರಲ್ಲೂ.

ಹಿಮನದಿಗಳ ಬಗ್ಗೆ ಹೇಳದೆ ಬಿಡೋ ಹಾಗಿಲ್ಲ. ಸಾವಿರಾರು ವರ್ಷ ಹಿಮದ ಮೇಲೆ ಹಿಮ ಬಿದ್ದು ಒತ್ತಿ ಐಸ್ ಆಗೋವಾಗ ಮಧ್ಯದ ಗಾಳಿ ಒಳಗೇ ಸಿಕ್ಕಿಹಾಕ್ಕೊಂಡು ಕಿರುಗುಳ್ಳೆಗಳಾಗತ್ತೆ, ಒಳಗಿನ ಒತ್ತಡ ಕೆಲವು ಸಲ ಹೊರಗಿನ ಗಾಳಿಯ ಇಪ್ಪತ್ತು ಪಟ್ಟು ಮುಟ್ಟತ್ತೆ. ಆ ಐಸ್ ಸಮುದ್ರಕ್ಕೆ ತಾಗಿ ಕರಗಿದಾಗ ಗುಳ್ಳೆಯ ಗೋಡೆ ತೆಳ್ಳಗಾಗಿ ಪಟಾರ್ ಅಂತ ಒಡೆದು ಗಾಳಿ ಹೊರಗೆ ಚಿಮ್ಮತ್ತೆ. ಕೋಟ್ಯಂತರ ಗುಳ್ಳೆ ಹೀಗೆ ಒಡೆಯೋ, ಹಿಮನದಿ ಸಮುದ್ರ ಸೇರೋ ನೀರು ತುಂಬಿದ ಕಣಿವೆಗಳಲ್ಲಿ 1ರಿಂದ 3 ಕಿಲೋಹರ್ಟ್ಸ್ ಮಧ್ಯೆ ಎಡೆಬಿಡದ ಚಿಟಪಟ. ಎರಿನ್ ಪೆಟಿಟ್ ಮತ್ತು ತಂಡ 2015ರಲ್ಲಿ ಅಲಾಸ್ಕಾ ಮತ್ತು ಅಂಟಾರ್ಕ್ಟಿಕಾದ ಅಳತೆ ಇಟ್ಕೊಂಡು ಸಮುದ್ರದ ಸಹಜ ಜಾಗಗಳಲ್ಲೆಲ್ಲಾ ಅತೀ ಗದ್ದಲದವು ಈ ಹಿಮನದಿ ಕಣಿವೆಗಳೇ ಅಂತ ತೋರಿಸಿದ್ರು. ಹಾಗಾದ್ರೆ ಸದ್ದು ಕೇಳಿ ಎಷ್ಟು ಕರಗ್ತಿದೆ ಅಂತ ಹೇಳಬಹುದಲ್ಲ? ಆಸೆ ಅದೇ, ಆದ್ರೆ ಮತ್ತೆ ಜೋರಿನ ಸಮಸ್ಯೆ. ಆಳಕ್ಕೆ ಹೋದ ಹಾಗೆ ನೀರಿನ ಒತ್ತಡ ಗುಳ್ಳೆಯ ಒತ್ತಡಕ್ಕೆ ಸಮಸಮ ಬರ್ತಾ ಹೋಗತ್ತೆ, ಗುಳ್ಳೆ ರಭಸದಿಂದ ಚಿಮ್ಮದೆ ಮೆತ್ತಗೆ ಹೊರಬರತ್ತೆ. ಸಿಂಗಾಪುರದ ನ್ಯಾಷನಲ್ ಯೂನಿವರ್ಸಿಟಿಯ ಹರಿ ವಿಷ್ಣು, ಸ್ಕ್ರಿಪ್ಸ್ ಸಂಸ್ಥೆಯ ಗ್ರಾಂಟ್ ಡೀನ್ ಮುಂತಾದವರು ಉತ್ತರ ಧ್ರುವದ ಹತ್ರದ ನಾರ್ವೆಯ ದ್ವೀಪಸಮೂಹ ಸ್ವಾಲ್‌ಬಾರ್ಡ್‌ನಲ್ಲಿ ಐಸ್ ತುಂಡುಗಳನ್ನ ಬೇರೆ ಬೇರೆ ಆಳಕ್ಕೆ ಇಳಿಸಿ ಇದನ್ನ ಅಳೆದಿದ್ದಾರೆ. ಮೇಲಿನ ಕೆಲವು ಮೀಟರಿನ ಕರಗುವಿಕೆ ಅರಚಾಡತ್ತೆ, ಕೆಳಗಿನದ್ದು ಪಿಸುಗುಡತ್ತೆ. ಸದ್ದಿನ ಜೋರನ್ನ ಹಾಗೇ ತಗೊಂಡ್ರೆ ಕೆಳಗಿನ ಕರಗುವಿಕೆ ಲೆಕ್ಕಕ್ಕೇ ಬರಲ್ಲ, ಅದೇ ಅಪಾಯ. ಈ ಗುಳ್ಳೆಗಳು ಬರೀ ಸುದ್ದಿ ಹೇಳೋದಲ್ಲ, ಕರಗಿಸೋದ್ರಲ್ಲೂ ಅವುಗಳ ಕೈವಾಡ ಇದೆ, ಚಿಮ್ಮೋ ಗಾಳಿ ಐಸಿಗೆ ಅಂಟಿದ ತಣ್ಣನೆ ನೀರಿನ ಪದರವನ್ನ ಕದಡತ್ತೆ, ಗುಳ್ಳೆ ಇರೋ ಐಸ್ ಇಲ್ಲದ ಐಸಿಗಿಂತ ಎರಡು ಪಟ್ಟಿಗೂ ಜಾಸ್ತಿ ವೇಗದಲ್ಲಿ ಕರಗತ್ತೆ ಅಂತ 2023ರ ಪ್ರಯೋಗವೊಂದು ಹೇಳತ್ತೆ. ಅದೇ ಸ್ವಾಲ್‌ಬಾರ್ಡಿನ ಕಾಂಗ್ಸ್‌ಫ್ಯೋರ್ಡೆನ್‌ನಲ್ಲಿ ಭಾರತದ ಇಂಡಾರ್ಕ್ ಅನ್ನೋ ವೀಕ್ಷಣಾ ಕೇಂದ್ರ 2014ರಿಂದ ನೀರೊಳಗಿದೆ, ಆಮೇಲೆ ಅಲ್ಲಿಗೆ ಹೈಡ್ರೋಫೋನೂ ಸೇರಿತು.

ಇದನ್ನೆಲ್ಲಾ ನಮ್ಮ ಕರಾವಳೀಲಿ, ನೇತ್ರಾಣಿ ದ್ವೀಪದಂಥ ಕಲ್ಲು ಹವಳದ ಜಾಗದಲ್ಲಿ ಮಾಡೋಕೆ ಹೋದ್ರೆ ಬೇರೇನೇ ಒಬ್ಬ ತಂಟೆಕೋರ ಎದುರಾಗ್ತಾನೆ. ಬೆಚ್ಚಗಿನ, ಆಳವಿಲ್ಲದ ಸಮುದ್ರಗಳಲ್ಲಿ ಬೆರಳುದ್ದದ ಒಂದು ಜಾತಿಯ ಸೀಗಡಿ ತನ್ನ ದೊಡ್ಡ ಕೊಂಡಿಯನ್ನ ಚಟ್ ಅಂತ ಮುಚ್ಚತ್ತೆ, ನೀರು ಎಷ್ಟು ವೇಗವಾಗಿ ಚಿಮ್ಮತ್ತೆ ಅಂದ್ರೆ ಅಲ್ಲೊಂದು ಗುಳ್ಳೆ ಹುಟ್ಟಿ ತಕ್ಷಣ ಕುಸಿಯತ್ತೆ, ಸದ್ದು ಬರೋದು ಕೊಂಡಿಯಿಂದ ಅಲ್ಲ, ಆ ಕುಸಿತದಿಂದ ಅಂತ 2000ದಲ್ಲಿ ನೆದರ್ಲೆಂಡ್ಸಿನ ಡೆಟ್ಲೆಫ್ ಲೋಸೆ ಮತ್ತು ತಂಡ ತೋರಿಸಿದ್ರು. ಸಾವಿರಾರು ಸೀಗಡಿ ಹಗಲು ರಾತ್ರಿ ಹೀಗೆ ಚಟಚಟ ಅನ್ನಿಸ್ತಾ ಇದ್ರೆ 2 ಕಿಲೋಹರ್ಟ್ಸಿಂದ ಮೇಲೆ ಮಳೆಯೂ ಇಲ್ಲ ಲೀಕೂ ಇಲ್ಲ, ಎಲ್ಲಾ ಮುಳುಗಿಹೋಗತ್ತೆ. ಬೇರ್ಪಡಿಸೋಕೆ ಒಂದು ಉಪಾಯ ಇದೆ, ಕಳಚಿಕೊಂಡ ಗುಳ್ಳೆಯ ಸದ್ದು ಒಂದೇ ಶ್ರುತೀಲಿ ನಾಲ್ಕಾರು ಸುತ್ತು ನುಡಿದು ನಿಧಾನವಾಗಿ ಅಡಗತ್ತೆ, ಸೀಗಡಿಯದ್ದು ಒಂದೇ ಏಟಿನ ಚೂಪು ಸಿಡಿತ, ಅದಕ್ಕೆ ಶ್ರುತಿಯೇ ಇಲ್ಲ. ರೆಕಾರ್ಡಿಂಗಿನಲ್ಲಿ ಝೂಮ್ ಮಾಡಿ ಅಲೆಯ ಆಕಾರ ನೋಡಿದ್ರೆ ಸಾಫ್ಟ್‌ವೇರಿಗೂ ವ್ಯತ್ಯಾಸ ಗೊತ್ತಾಗತ್ತೆ, ಗುಂಪು ತೀರಾ ದಟ್ಟ ಆಗೋವರೆಗೆ.

ದಟ್ಟ ಆದ್ಮೇಲೆ ಉಳಿಯೋ ದಾರಿ ಅಂದ್ರೆ ಹೈಡ್ರೋಫೋನನ್ನ ಲೀಕಿನ ಪಕ್ಕಕ್ಕೇ, ಒಂದೆರಡು ಮೀಟರ್ ದೂರಕ್ಕೆ ತರೋದು, ಒಂದರ ಬದಲು ನಾಲ್ಕೈದು ಇಟ್ಟು ಸದ್ದು ಯಾವುದಕ್ಕೆ ಮೊದಲು ಮುಟ್ತು ಅಂತ ನೋಡಿ ದಿಕ್ಕು ಹಿಡಿಯೋದು. ಪಕ್ಕಕ್ಕೆ ತರಬೇಕಂದ್ರೆ ಲೀಕ್ ಎಲ್ಲಿದೆ ಅಂತ ಮೊದಲೇ ಗೊತ್ತಿರಬೇಕು, ಅದಕ್ಕೆ ಮತ್ತೆ ಹಡಗಿನಿಂದ ಪಿಂಗ್ ಕಳಿಸೋ ಸೋನಾರೇ ಬೇಕು, ಏರ್ತಾ ಹೋಗೋ ಮೂಕ ಗುಳ್ಳೆಗಳ ಸಾಲು ಅದಕ್ಕೆ ದೂರದಿಂದಲೇ ಗೋಡೆ ಥರ ಕಾಣತ್ತೆ. ಹಾಗಾಗಿ ನಿಜವಾದ ಕೆಲಸದಲ್ಲಿ ಹಡಗು ಒಂದು ಸಲ ಬಂದು ಜಾಗ ಗುರುತಿಸಿ ಹೈಡ್ರೋಫೋನ್ ಇಳಿಸಿ ಹೋಗತ್ತೆ, ಮುಂದಿನ ತಿಂಗಳುಗಳ ಉಬ್ಬರ ಇಳಿತವೆಲ್ಲಾ ಅದು ಒಂದೇ ಕೇಳ್ತಾ ಕೂತಿರತ್ತೆ.